ತಿಕೋಟಾದ ಹೆಸರು ಬಬಲೇಶ್ವರಕ್ಕೆ ಹೋದ ಮೇಲೆ

ನಮ್ಮೂರು ತಿಕೋಟಾ. ನಮ್ಮ ಮತಕ್ಷೇತ್ರದ ಹೆಸರೂ ಮೊದಲು ತಿಕೋಟಾ ಅಂತಲೇ ಇತ್ತು. ಆಮೇಲೆ ಯಾರೋ ದೊಡ್ಡ ಮಂದಿ ನಕಾಶೆ ಹರವಿಕೊಂಡು ಕೂತು, ಇಲ್ಲಿಯ ನಾಲ್ಕು ಊರು ಅತ್ತ, ಅಲ್ಲಿಯ ನಾಲ್ಕು ಊರು ಇತ್ತ ಸರಿಸಿ, ಕೊನೆಗೆ ಹೆಸರನ್ನು ಎತ್ತಿ ಬಬಲೇಶ್ವರಕ್ಕೆ ಕೊಟ್ಟು ಎದ್ದು ಹೋದರು. ನಮ್ಮೂರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಬಸ್ ಸ್ಟ್ಯಾಂಡು ಇದ್ದಲ್ಲೇ ಇತ್ತು, ದ್ರಾಕ್ಷಿ ತೋಟಗಳು ಇದ್ದಲ್ಲೇ ಇದ್ದವು, ಮಕ್ಕಳು ಓದುವ, ನಾವು ಮತ ಹಾಕುವ ಸಾಲಿಯೂ ಅದೇ. ಹೋದದ್ದು ಹೆಸರೊಂದೇ. ಆದರೆ ಚಹಾದಂಗಡಿ ಮುಂದೆ ಕೂತ ನಮ್ಮ ಹಿರಿಯರ ಮುಖ ನೋಡಿದ್ದರೆ, ಊರ ಅಗಸಿ ಬಾಗಿಲನ್ನೇ ಯಾರೋ ಕಿತ್ತುಕೊಂಡು ಟ್ರ್ಯಾಕ್ಟರಿಗೆ ಹೇರಿದಾರೆ ಅನ್ನಬೇಕು, ಹಂಗಿತ್ತು.

ಈ ಕಡೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಡುವೆ ವಿಜಯಪುರ ಪಟ್ಟಣ. ಅದಕ್ಕೆ ಅದರದೇ ಬೇರೆ ಕ್ಷೇತ್ರ. ಪಟ್ಟಣದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ತಿಕೋಟಾ. ಇನ್ನೊಂದು ರಸ್ತೆ ಹಿಡಿದು ಸಾರವಾಡದ ಮೇಲೆ ಹಾಯ್ದು ಹೋದರೆ ಬಬಲೇಶ್ವರ. ಕ್ಷೇತ್ರದ ಒಂದು ತುದಿ ಮಹಾರಾಷ್ಟ್ರದ ಗಡಿಗೆ ತಾಗುತ್ತದೆ, ಇನ್ನೊಂದು ತುದಿ ಕೃಷ್ಣೆಯ ದಂಡಿ ಕಡೆಗೆ ಚಾಚಿಕೊಂಡಿದೆ. ತಿಕೋಟಾ ಕಡೆಯದು ಗರಸು ಕಲ್ಲಿನ ನೆಲ, ದ್ರಾಕ್ಷಿ, ಒಣದ್ರಾಕ್ಷಿ ಶೆಡ್ಡು. ಸಾರವಾಡ ಕಡೆಯದು ಡೋಣಿ ಹೊಳೆಯ ಕಪ್ಪು ಎರಿ ನೆಲ, ಜೋಳ, ಕಡಲಿ. ತಿಕೋಟಾದ ಮನುಷ್ಯ ಬಸ್ಸಿಗೆ ಬಬಲೇಶ್ವರಕ್ಕೆ ಹೋಗಬೇಕಾದರೆ ಹೆಚ್ಚಾಗಿ ವಿಜಯಪುರಕ್ಕೆ ಬಂದು ಬಸ್ಸು ಬದಲಿಸುತ್ತಾನೆ. ದೊಡ್ಡ ದವಾಖಾನೆ, ಕಚೇರಿ, ಸಂತಿ, ಮತ ಎಣಿಸುವ ಜಾಗ, ಎಲ್ಲಾ ಪಟ್ಟಣದಲ್ಲೇ. ಪಟ್ಟಣ ಮಾತ್ರ ನಮ್ಮ ಕ್ಷೇತ್ರದಲ್ಲಿ ಇಲ್ಲ. ಅಂದರೆ ನಮ್ಮದು ನಡುಮನಿಯೇ ಇಲ್ಲದ ಮನೆ. ಉಣ್ಣುವುದು, ಕೂಡುವುದು, ಜಗಳಾಡುವುದು ಎಲ್ಲಾ ಪಕ್ಕದವರ ಪಡಸಾಲೆಯಲ್ಲಿ.

ಆ ಪಡಸಾಲೆಯಲ್ಲೇ ನಾನೂ ಜಾಗ ಹಿಡಿದವ. ಸಾಲಿಯನ್ನು ಏಳನೇ ಇಯತ್ತೆಯಲ್ಲಿ ಅರ್ಧಕ್ಕೆ ಬಿಟ್ಟು ಸೊಲ್ಲಾಪುರ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿ ಸೇರಿದೆ. ಇವತ್ತು ಅದೇ ರಸ್ತೆಯಲ್ಲಿ ನನ್ನದೇ ಅಂಗಡಿ, ಹಿಂದೆ ನನ್ನದೇ ಮನೆ. ದ್ರಾಕ್ಷಿ ಬಳ್ಳಿ ಹಬ್ಬಿಸುವ ಕಬ್ಬಿಣದ ಆಂಗಲ್ಲು ತಿಕೋಟಾದವರಿಗೆ, ಟ್ರ್ಯಾಕ್ಟರ್ ಟ್ರೇಲರು ಮತ್ತು ಹೊಲ ಹರಗುವ ಕುಂಟಿ ಸಾರವಾಡ, ಬಬಲೇಶ್ವರದವರಿಗೆ. ನಾನು ಕೂಡಿಸಿದ ಟ್ರೇಲರಿನ ಬಾಗಿಲು ಈತನಕ ಯಾರ ಹೊಲದಲ್ಲೂ ಕಳಚಿ ಬಿದ್ದಿಲ್ಲ. ಬಿದ್ದಿದ್ದರೆ ನನ್ನ ಮುಂದೆ ಬಂದು ಹೇಳುವ ಧೈರ್ಯ ಯಾರಿಗೂ ಆಗಿಲ್ಲ.

ಚುನಾವಣೆ ಬಂದರೆ ನನಗೆ ಇನ್ನೊಂದು ಕೆಲಸ. ಪ್ರಚಾರದ ಜೀಪಿನ ಮೇಲೆ ಮೈಕು ಕಟ್ಟುವ ಸ್ಟ್ಯಾಂಡು. ಬೆಳಿಗ್ಗೆ ಒಂದು ಪಕ್ಷದವರು ಬಂದು, ಅಣ್ಣಾ, ಅವರದಕ್ಕಿಂತ ಒಂದು ಗೇಣು ಎತ್ತರ ಇರಲಿ ಅನ್ನುತ್ತಾರೆ. ಮಧ್ಯಾಹ್ನ ಇನ್ನೊಂದು ಪಕ್ಷದವರು ಬಂದು ಅದನ್ನೇ ಅನ್ನುತ್ತಾರೆ. ನಾನು ಇಬ್ಬರಿಗೂ ಹೂಂ ಅಂದು ಒಂದೇ ಅಳತೆಯದನ್ನು ಮಾಡಿ ಕೊಡುತ್ತೇನೆ. ಇಬ್ಬರೂ ಸಂತೋಷದಿಂದ ಹೋಗುತ್ತಾರೆ. ನಿಂತವರು ಯಾರು, ಗೆದ್ದವರು ಯಾರು ಎಂದು ನಾನು ಬರೆಯುವುದಿಲ್ಲ. ಅದನ್ನು ಬರೆಯಲು ಬೇರೆ ಮಂದಿ ಇದ್ದಾರೆ, ಬರೆದದ್ದನ್ನು ಗೋಡೆಗೆ ಹಚ್ಚಲೂ ಮಂದಿ ಇದ್ದಾರೆ.

ನನ್ನ ಹೆಂಡತಿ ಸಾರವಾಡದಾಕೆ. ಸಾರವಾಡ ಎಂದರೆ ಬಬಲೇಶ್ವರದ ಕಡೆ. ಹಾಗಾಗಿ ಹೆಸರು ಬದಲಾದ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಗೆದ್ದವರೊಬ್ಬರು, ಸೋತವರೊಬ್ಬರು ಆದೆವು.

“ನೋಡ್ರಿ, ಲಗ್ನ ಆಗಿ ನಿಮ್ಮ ಊರಿಗೆ ನಾ ಬಂದೆ. ಈಗ ನಿಮ್ಮ ಊರ ನಮ್ಮ ಕಡೆ ಬಂತು,” ಎಂದು ತಟ್ಟೆಗೆ ರೊಟ್ಟಿ ಹಾಕುತ್ತಾ ಅಂದಳು.

“ಬರ್ಲಿ ಬಿಡು. ಹೆಸರಷ್ಟ ಹೋಗೇತಿ.”

“ಹೆಸರಷ್ಟ ಅಂದ್ರ ರೊಟ್ಟಿ ಯಾಕ ಬಿಟ್ರಿ? ಉಣ್ರಿ.”

ಖರೆ ಅಂದರೆ, ಆ ದಿನ ನನಗೆ ಊಟ ಸೇರಲಿಲ್ಲ.

ಹೆಸರು ಬದಲಾದ ಮೇಲೆ ಬಂದ ಮೊದಲ ಚುನಾವಣೆಯಲ್ಲಿ ನಮ್ಮವ್ವ ಒಂದು ಕೆಲಸ ಮಾಡಿದಳು. ಅದನ್ನು ತಿಕೋಟಾದಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಆಗ ಅವ್ವ ಊರಲ್ಲೇ ಇದ್ದಳು. ನನ್ನ ಮತವೂ ಊರಲ್ಲೇ. ನಾನು ಹೆಂಡತಿ ಮಗಳನ್ನು ಕರಕೊಂಡು ಹೋದಾಗ ಮನೆಗೆ ಚಿಲಕ ಹಾಕಿತ್ತು. ಮತ ಹಾಕಿ ಬಂದೆವು, ಆಗಲೂ ಅವ್ವ ಇಲ್ಲ. ಪಕ್ಕದ ಮನೆಯಾಕೆಯನ್ನು ಕೇಳಿದರೆ, “ಮತ ಹಾಕಿ ಬರ್ತೇನಂತ ಇಳಕಲ್ಲ ಸೀರಿ ಉಟಗೊಂಡು ಮುಂಜಾನಿ ಬಸ್ಸಿಗೆ ಹೋದ್ಲಪಾ,” ಅಂದಳು. ಬಸ್ಸಿಗೆ ಯಾಕೆ, ಸಾಲಿ ಇರುವುದು ಮೂರು ಓಣಿ ಆಚೆ.

ಅವ್ವ ಬಬಲೇಶ್ವರಕ್ಕೆ ಹೋಗಿದ್ದಳು. ವಿಜಯಪುರದಲ್ಲಿ ಇಳಿದು, ಬಸ್ಸು ಬದಲಿಸಿ, ಸಾರವಾಡ ದಾಟಿ, ಅಲ್ಲಿಯ ಸಾಲಿ ಹುಡುಕಿ, ಸಾಲಿನಲ್ಲಿ ನಿಂತು, ತನ್ನ ಪಾಳಿ ಬಂದಾಗ ಚೀಟಿ ಚಾಚಿದ್ದಾಳೆ. ಅಲ್ಲಿ ಕೂತ ಮಾಸ್ತರರು, “ಅಜ್ಜಿ, ನಿಮ್ಮ ಬೂತು ತಿಕೋಟಾದಾಗ ಐತಿ,” ಅಂದಿದ್ದಾರೆ.

“ತಿಕೋಟಾ ತಗದೀರಿ ಅಂತಲ್ಲೋ ಯಪ್ಪಾ, ಇನ್ನ ಬಬಲೇಶ್ವರ ಅಂತ ನೀವ ಹೇಳೀರಿ.”

“ಹೆಸರಷ್ಟ ಅಜ್ಜಿ. ಮತ ನಿಮ್ಮೂರಾಗ.”

“ಹೆಸರು ಒಯ್ದವರು ಪೆಟಿಗಿನೂ ಒಯ್ಯಬೇಕಿಲ್ಲೇನು?”

ಆ ಊರವರು ಅವ್ವನಿಗೆ ಚಹಾ ಕುಡಿಸಿ, ಬಸ್ಸಿನಲ್ಲಿ ಜಾಗ ಹಿಡಿದು ಕೂಡಿಸಿ ಕಳಿಸಿದರು. ಅವ್ವ ಇಳಿಹೊತ್ತಿಗೆ ಬಂದು, ನಮ್ಮ ಸಾಲಿಯಲ್ಲಿ ಮತ ಹಾಕಿ, ಬೆರಳು ತೋರಿಸಿಕೊಂಡೇ ಮನೆಗೆ ಬಂದಳು. ಬಂದಾಕಿ ಬೈದದ್ದು ನನಗೆ, ಪಟ್ಟಣದಾಗ ಇರ್ತಿ, ಇಷ್ಟು ತಿಳಿಸಿ ಹೇಳಾಕ ಆಗಲಿಲ್ಲೇನು ನಿನಗ, ಅಂತ. ಬಬಲೇಶ್ವರದ ಚಹಾ ಮಾತ್ರ ಭಾಳ ಚಲೋ ಇತ್ತಂತೆ.

ಅದಾಗಿ ವರ್ಷಗಳು ಹೋದವು. ಹೆಸರು ಬದಲಾಗುವುದು ನಮ್ಮ ಕಡೆ ಒಂದು ಚಟವೇ ಆಯಿತು. ಬಿಜಾಪುರ ಅಂತ ಬೋರ್ಡಿನಲ್ಲಿ ಇದ್ದ ಊರು ವಿಜಯಪುರ ಆಯಿತು. ನಾವು ಮೊದಲಿಂದ ವಿಜಾಪುರ ಅನ್ನುತ್ತಿದ್ದವರು, ಈಗಲೂ ಅದನ್ನೇ ಅನ್ನುತ್ತೇವೆ. ನಾನು ಅಂಗಡಿ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದೆ, ಅಷ್ಟೇ. ಆಮೇಲೆ ತಿಕೋಟಾ ತಾಲೂಕಾಯಿತು. ಊರಲ್ಲಿ ಪಟಾಕಿ ಹಾರಿಸಿದರು, ಕ್ಷೇತ್ರ ಹೋದರೇನು, ತಾಲೂಕು ಬಂತಲ್ಲ ಅಂತ. ಪಟಾಕಿ ಮುಗಿಯುವುದರೊಳಗೆ ಬಬಲೇಶ್ವರವೂ ತಾಲೂಕಾದ ಸುದ್ದಿ ಬಂತು. ಅವರಿಗೆ ಎರಡು, ನಮಗೆ ಒಂದು. ಹೆಂಡತಿ ಅವತ್ತು ಮನೆಯಲ್ಲಿ ಸಿಹಿ ಸಜ್ಜಕ ಮಾಡಿ ಬಡಿಸಿದಳು.

ಇನ್ನು ಮಗಳ ಮಾತು. ನನಗೆ ಒಬ್ಬಳೇ ಮಗಳು. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲಾ ಪಟ್ಟಣದಲ್ಲಿ. ಒಂದು ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವ ಕೆಲಸ. ತನ್ನ ಹೆಸರನ್ನು ಇಲ್ಲಿ ಹಾಕಬೇಡ ಎಂದು ಹೇಳಿದ್ದಾಳೆ. ಮುಂದಿನದನ್ನು ಓದಿದರೆ ನಿಮಗೇ ನಗು ಬರುತ್ತದೆ, ಯಾಕೆಂದರೆ ಇದೆಲ್ಲಾ ನಡೆದದ್ದು ಆ ಹೆಸರಿನ ಸಲುವಾಗಿ. ಆದರೂ ಅವಳ ಮಾತು ಮೀರುವುದಿಲ್ಲ. ಮೀರಿದರೆ ಏನಾಗುತ್ತದೆ ಎಂದು ನೋಡಿದ್ದೇನೆ.

ಬಬಲೇಶ್ವರದ ಒಬ್ಬರು ನನ್ನ ಅಂಗಡಿಗೆ ಹಳೆಯ ಗಿರಾಕಿ. ಎರಿ ಮಣ್ಣು ಮೆತ್ತಿದ ಕುಂಟಿಯನ್ನು ತೊಳೆಯದೇ ತಂದು ನನ್ನ ಅಂಗಳದಲ್ಲಿ ಒಗೆಯುತ್ತಿದ್ದರು. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಅವರ ಮಗ ಹೊಲ ನೋಡಿಕೊಂಡು, ಊರಲ್ಲೇ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದ. ಒಳ್ಳೆಯ ಹುಡುಗ, ಮಾತು ಕಡಿಮೆ. ಮಾತು ಅಲ್ಲಿಂದ ಇಲ್ಲಿಂದ ಹಾಯ್ದು ಕೊನೆಗೆ ಅವರು ನಮ್ಮ ಮನೆಗೆ ಹೆಣ್ಣು ನೋಡಲು ಬಂದರು. ಹುಡುಗ ಹುಡುಗಿ ಹಿತ್ತಲಲ್ಲಿ ನಿಂತು ಮಾತಾಡಿ ಬಂದರು. ಇಬ್ಬರ ಮುಖವೂ ಒಪ್ಪಿಗೆ ಅನ್ನುತ್ತಿತ್ತು. ಅವಲಕ್ಕಿ ತಿಂದೆವು, ಚಹಾ ಬಂತು. ಹುಡುಗನ ಅಪ್ಪ, ಇನ್ನು ಮುಂದೆ ಅವರನ್ನು ಬೀಗರು ಅನ್ನುತ್ತೇನೆ, ಕಪ್ಪು ಕೆಳಗಿಟ್ಟು ಗಂಟಲು ಸರಿ ಮಾಡಿಕೊಂಡರು.

“ಒಂದು ಮಾತು ಮೊದಲ ಹೇಳಿಬಿಡ್ತೀನ್ರಿ. ನಮ್ಮ ಮನಿತನದಾಗ ಸೊಸಿ ಬಂದ್ರ ಹೆಸರು ಬದಲಿ ಮಾಡೂದು ರೂಢಿ. ನಮ್ಮವ್ವಂದೂ ಆಗೇತಿ, ನಮ್ಮ ಮನಿಯವರದೂ ಆಗೇತಿ. ನಮ್ಮ ತಂಗಿ ಒಂದು ಚಲೋ ಹೆಸರು ಆರಿಸಿ ಇಟ್ಟಾಳ.”

ಈ ರೂಢಿ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವುತ್ತಾರೆ, ಮದುಮಗ ಅದರಲ್ಲಿ ಉಂಗುರ ಹಿಡಿದು ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಆ ಕ್ಷಣದಿಂದ ಅವಳು ಅದೇ ಹೆಸರಿನಾಕಿ. ನಾನು ಹಿಡಿದ ಕಪ್ಪು ಹಿಡಿದೇ ಕೂತೆ. ಬೀಗರು ನನ್ನ ತೊಡೆ ತಟ್ಟಿ ನಕ್ಕರು.

“ಏನ್ ವಿಚಾರ ಮಾಡಾಕತ್ತೀರಿ ಬೀಗರ? ತಿಕೋಟಾ ಅಂತಿದ್ದ ಇಡೀ ಕ್ಷೇತ್ರಾನ ಬಬಲೇಶ್ವರ ಆಗಿ ನೆಟ್ಟಗ ನಡದೈತಿ. ಒಂದು ಹುಡುಗಿ ಹೆಸರು ಆಗೂದಿಲ್ಲೇನು?”

ಪಡಸಾಲೆಯಲ್ಲಿ ಇದ್ದವರೆಲ್ಲಾ ನಕ್ಕರು. ಚಲೋ ಚಾಷ್ಟಿ, ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಅಡುಗೆಮನೆಯಲ್ಲಿ ಒಂದು ಪಾತ್ರೆ ಇಡಬೇಕಾದದ್ದಕ್ಕಿಂತ ಜೋರಾಗಿ ಇಟ್ಟ ಸದ್ದು ಬಂತು.

ಅವರು ಹೋದ ಮೇಲೆ ಮಗಳು ಬಂದು ಎದುರು ನಿಂತಳು.

“ಅಪ್ಪಾ, ನೀ ಯಾಕ ನಕ್ಕಿ?”

“ಚಾಷ್ಟಿ ಮಾಡಿದ್ರವಾ.”

“ಕ್ಷೇತ್ರದ ಹೆಸರು ಹೋದಾಗ ನೀ ರೊಟ್ಟಿ ಬಿಟ್ಟು ಎದ್ದಿದ್ದಿ ಅಂತ ಅವ್ವ ಇನ್ನೂ ಹೇಳ್ತಾಳ. ನನ್ನ ಹೆಸರು ಹೋಗತೈತಿ ಅಂದ್ರ ನಗತೀ.”

ನಾನು ಖಾಲಿ ಕಪ್ಪುಗಳನ್ನು ಕೂಡಿಸತೊಡಗಿದೆ. ಅವಳೇ ಮುಂದೆ ಹೇಳಿದಳು. ಹುಡುಗ ನನಗೆ ಒಪ್ಪಿಗೆ. ಊರು ಒಪ್ಪಿಗೆ, ದಿನಾ ಬಸ್ಸಿಗೆ ಕೆಲಸಕ್ಕೆ ಬರುವುದೂ ಒಪ್ಪಿಗೆ. ಹೆಸರು ಮಾತ್ರ ಬದಲಿಸುವುದಿಲ್ಲ. ದವಾಖಾನೆಯಲ್ಲಿ ನನ್ನನ್ನು ಎಲ್ಲರೂ ಇದೇ ಹೆಸರು ಹಿಡಿದು ಕರೆಯುತ್ತಾರೆ. ಬೇರೆ ಹೆಸರು ಕೂಗಿದರೆ ನಾ ಯಾಕೆ ಹೊರಳಿ ನೋಡಲಿ? ಅವರಿಗೆ ಒಪ್ಪಿಗೆ ಇಲ್ಲ ಅಂದರೆ ಈ ಸಂಬಂಧ ಇಲ್ಲಿಗೇ ಬಿಡಿ.

ಬಿಡಿ ಅನ್ನುವಾಗ ಅವಳ ದನಿ ಸ್ವಲ್ಪ ಸಣ್ಣದಾಯಿತು. ಬಿಡುವ ಮನಸ್ಸಿಲ್ಲ ಎಂದು ನನಗೆ ತಿಳಿಯಿತು. ಬದಲಿಸುವುದೂ ಇಲ್ಲ ಎಂದೂ ತಿಳಿಯಿತು.

ಹೆಂಡತಿ ಮೊದಲು ಅವಳಿಗೇ ಬುದ್ಧಿ ಹೇಳಿದಳು. “ನಂದೂ ಬದಲಿ ಮಾಡ್ಯಾರ. ನಾ ಏನ್ ಕರಗಿ ಹೋಗೇನು? ಹೊಸ ಮನಿ, ಹೊಸ ಹೆಸರು. ಅದರಾಗ ಏನೈತಿ?” ಖರೆ, ಅವಳ ಹೆಸರೂ ನಮ್ಮ ಮನೆಯಲ್ಲಿ ಇಟ್ಟದ್ದೇ. ತವರಿನ ಹೆಸರು ಬೇರೆ. ಸಾರವಾಡಕ್ಕೆ ಹೋದರೆ ಅವಳ ಅಣ್ಣಂದಿರು ಆ ಹೆಸರು ಹಿಡಿದು ಅಗಸಿಯಿಂದಲೇ ಕೂಗುತ್ತಾರೆ, ಇವಳು ಒಂದೇ ಕೂಗಿಗೆ ಓಡುತ್ತಾಳೆ. ನಾನಿಟ್ಟ ಹೆಸರು ಹಿಡಿದು ಕರೆದರೆ ಎರಡು ಸಲ ಕರೆಯಬೇಕು. ಕಿವಿ ಮಂದ ಎಂದು ನಾನು ಇಷ್ಟು ದಿನ ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಅವಳ ಮಾತು ಬೇರೆ ಇತ್ತು.

“ಆಕಿ ಹೇಳೂದು ಖರೆ ಐತ್ರಿ. ನನ್ನ ಯಾರೂ ಕೇಳಲಿಲ್ಲ. ಕೇಳಿದ್ರ ನಾನೂ ಬ್ಯಾಡ ಅಂತಿದ್ದೆ.”

“ಯಾರು ಕೇಳಬೇಕಾಗಿತ್ತು?”

“ಯಾರಂದ್ರ? ನೀವ. ಮತ್ತೇನು ಎಲೆಕ್ಷನ್ನಿನವರು ಬಂದು ಕೇಳತಾರೇನು?” ಎಂದು ಕಪ್ಪು ಇಟ್ಟು ಒಳಗೆ ಹೋದಳು. ಬಾಗಿಲಲ್ಲಿ ನಿಂತು ಹೊರಳಿ, “ಇವತ್ತ ಬಬಲೇಶ್ವರಕ್ಕ ಹೋಗಿ ಬರ್ರಿ. ಅವರ ಮನಿಯಾಗ ಕೂತು ನಗಬ್ಯಾಡ್ರಿ ಮತ್ತ,” ಅಂದಳು.

ಹೋದೆ. ಮೋಟರ್ ಸೈಕಲ್ಲಿನ ಮೇಲೆ ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಹೋದೆ. ಸಾರವಾಡ ದಾಟುವಷ್ಟರಲ್ಲಿ ಭಾರೀ ಭಾಷಣವೇ ತಯಾರಾಗಿತ್ತು. ಬಬಲೇಶ್ವರದಲ್ಲಿ ಅವರ ಅಂಗಳದಲ್ಲಿ ಇಳಿದಾಗ ಅದರಲ್ಲಿ ಒಂದು ಸಾಲೂ ನೆನಪಿರಲಿಲ್ಲ. ಮೈಕಿನ ಸ್ಟ್ಯಾಂಡು ಮಾಡುವುದು ಬೇರೆ, ಮೈಕು ಹಿಡಿಯುವುದು ಬೇರೆ.

ಬೀಗರು ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದರು.

“ಬರ್ರಿ ಬರ್ರಿ ತಿಕೋಟಾದವರ! ನಮ್ಮ ಕ್ಷೇತ್ರಕ್ಕ ಬಂದ್ರಿ.”

“ನಿಮ್ಮದೆಲ್ಲಿಂದ ಬಂತ್ರಿ? ನಮ್ಮದ ತಗೊಂಡು ಕೂತೀರಿ.”

“ನಾವು ತಗೊಂಡಿಲ್ಲಪಾ. ಎಲ್ಲೋ ಕೂತವರು ಕೊಟ್ರು, ಬ್ಯಾಡ ಅನ್ನಲಿಲ್ಲ, ಇಟಗೊಂಡ್ವಿ.”

ನೀರು ಕುಡಿದು ನಾನು ನೇರವಾಗಿ ಹೇಳಿದೆ. ಮಗಳಿಗೆ ಹುಡುಗ ಒಪ್ಪಿಗೆ ಇದ್ದಾನೆ, ಹೆಸರು ಬದಲಿಸುವುದು ಒಪ್ಪಿಗೆ ಇಲ್ಲ.

ಅವರ ನಗು ಹೋಯಿತು. ಸಿಟ್ಟು ಅಲ್ಲ, ಕಂಗಾಲಾದ ಮನುಷ್ಯನ ಮುಖ. “ಹೆಸರು ಬದಲಾದ್ರ ಏನ್ ಆಗತೈತ್ರಿ? ಮನುಷ್ಯಾಳು ಆಕೀನ. ಈಗ ನೋಡ್ರಿ, ಕ್ಷೇತ್ರದ ಹೆಸರು ಬದಲಾತು, ತಿಕೋಟಾ ಏನ್ ಬದಲಾತೇನು? ತಿಕೋಟಾ ತಿಕೋಟಾನ ಐತಿ.”

“ಹೌದಲ್ರಿ? ಏನೂ ಬದಲಾಗೂದಿಲ್ಲ ಅಂದ್ರ ಬದಲಿ ಮಾಡೂದು ಯಾಕ?”

ಇದು ಭಾಷಣದಲ್ಲಿ ಇರಲಿಲ್ಲ, ಎಲ್ಲಿಂದ ಬಂತೋ ಗೊತ್ತಿಲ್ಲ. ಒಳಗೆ ಅವರ ಮನೆಯವರು ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಸದ್ದು ನಿಂತಿತು.

“ಮಾತಿನಾಗ ಹಿಡದ್ರಿ,” ಅಂದರು ಬೀಗರು. “ಆದ್ರ ನಮ್ಮ ಮಂದಿ ಐತಿ. ತಂಗಿ ಹೆಸರು ಆರಿಸ್ಯಾಳ, ಊರತುಂಬಾ ಹೇಳ್ಯಾಳ. ನಾ ಯಾರ ಯಾರಿಗೆ ಹೇಳ್ಲಿ? ವಿಚಾರ ಮಾಡ್ತೀನಿ.”

“ಮಾಡ್ರಿ. ನನ್ನ ಮಗಳು ಮಾಡಿ ಮುಗಿಸ್ಯಾಳ,” ಎಂದು ಗಾಡಿ ಹತ್ತಿದೆ. ಸೆಟೆದು ಕೂತೇ ಊರು ದಾಟಿದೆ. ಡೋಣಿ ಸೇತುವೆಯ ಮೇಲೆ ಬಂದು ಗಾಡಿ ನಿಲ್ಲಿಸಿದೆ. ಸಂಬಂಧ ನಾನೇ ಮುರಿದು ಬಂದೆನೇನೋ ಅನ್ನಿಸಿತು.

ಕೆಲವು ದಿನ ಅತ್ತಕಡೆಯಿಂದ ಸುದ್ದಿಯೇ ಇಲ್ಲ. ಕುಂಟಿ ರಿಪೇರಿಗೂ ಯಾರೂ ಬರಲಿಲ್ಲ. ಮಗಳು ಸುಮ್ಮನೆ ಕೆಲಸಕ್ಕೆ ಹೋಗುತ್ತಿದ್ದಳು, ಸುಮ್ಮನೆ ಬರುತ್ತಿದ್ದಳು. ಫೋನು ಸದ್ದಾದರೆ ಮೊದಲು ನಮ್ಮ ಮುಖ ನೋಡುತ್ತಿದ್ದಳು, ನಾವು ಅವಳ ಮುಖ ನೋಡುತ್ತಿದ್ದೆವು. ಕೊನೆಗೆ ಬೀಗರ ಫೋನು ಬಂತು. “ನಿಶ್ಚಯಕ್ಕ ದಿನಾ ನೋಡ್ರಿ.” ಅಷ್ಟೇ. ಹೆಸರಿನ ಮಾತಿಲ್ಲ.

“ಕೇಳ್ರಿ,” ಅಂದಳು ಹೆಂಡತಿ.

ನಾನು ಕೇಳಲಿಲ್ಲ. ಒಮ್ಮೆ ಹೇಳಿದ ಮೇಲೆ ಎರಡನೇ ಸಲ ಹೇಳುವುದು ನನ್ನ ಜಾಯಮಾನ ಅಲ್ಲ. ಅದು ನನ್ನ ಮರ್ಯಾದೆ ಎಂದು ನಾನು ಅಂದುಕೊಂಡೆ, ಹೆದರಿಕೆ ಎಂದು ಹೆಂಡತಿ ಅಂದಳು. ಮಗಳು ಹುಡುಗನನ್ನೇ ಕೇಳಿದಳು. ಅವನು, “ಅಕ್ಕಿಯೊಳಗ ಬರಿಯೂದು ನಾನಲ್ಲೇನು? ಬಿಡು,” ಅಂದನಂತೆ. ಮಾತು ಕಡಿಮೆಯ ಹುಡುಗ ಎಂದೆನಲ್ಲ. ಬಿಡು ಎಂದರೆ ಚಿಂತೆ ಬಿಡು ಅಂತಲೋ, ಹಟ ಬಿಡು ಅಂತಲೋ, ನಾವು ಮೂರೂ ಮಂದಿ ಕೂತು ಅರ್ಥ ಮಾಡಲು ನೋಡಿದೆವು, ಆಗಲಿಲ್ಲ.

“ಬ್ಯಾರೆ ಹೆಸರು ಬರದ್ರ?” ಎಂದು ಕೇಳಿದೆ.

“ಎಲ್ಲಾರ ಮುಂದ ಕೈ ಹಾಕಿ ಅಕ್ಕಿ ಅಳಿಸಿ ಎದ್ದು ಬರ್ತೀನಿ,” ಅಂದಳು ಮಗಳು. ಅವಳು ಹಾಗೆ ಮಾಡುವವಳೇ. ಹಟದಲ್ಲಿ ನಮ್ಮವ್ವನ ಮೊಮ್ಮಗಳು.

ಹೀಗೆ ಹೆದರಿಕೊಂಡೇ ಮದುವೆ ಹತ್ತಿರ ಬಂತು. ಮದುವೆ ತಿಕೋಟಾದಲ್ಲಿ ಮಾಡಿದೆ. ಸ್ವಂತ ಊರಲ್ಲಿ ಮಾಡಬೇಕೆಂಬ ಆಸೆ ನನ್ನದು. ಮಂಟಪದ ಮುಂದಿನ ಕಮಾನನ್ನು ನಾನೇ ಕೂಡಿಸಿದ್ದೆ. ಹತ್ತು ಮಂದಿ ಜೋತಾಡಿದರೂ ಅಲ್ಲಾಡದಂಥದು. ಬಂದವರೆಲ್ಲಾ ಹೂವು ನೋಡಿದರು, ಕಮಾನು ಯಾರೂ ನೋಡಲಿಲ್ಲ. ಬಬಲೇಶ್ವರದ ಬೀಗರ ಬಳಗ ಟೆಂಪೋ ಇಳಿಯುತ್ತಲೇ ಚಾಷ್ಟಿ ಶುರು ಮಾಡಿತು. “ಇದ ಅಲ್ಲೇನ್ರಿ, ನಮ್ಮ ಕ್ಷೇತ್ರದಾಗಿನ ಒಂದು ಸಣ್ಣ ಹಳ್ಳಿ?” ಎಂದರು ಒಬ್ಬರು. ನಮ್ಮವರೊಬ್ಬರು, “ಸಣ್ಣ ಹಳ್ಳಿ ಒಣದ್ರಾಕ್ಷಿ ಇಲ್ಲಂದ್ರ ನಿಮ್ಮೂರ ಸಜ್ಜಕ ಸಪ್ಪಗ ಆಗತೈತಿ,” ಎಂದರು. ನಾನು ನಗುತ್ತಿದ್ದೆ, ಕಣ್ಣು ಮಾತ್ರ ತಾಟಿನ ಮೇಲೆ. ಹಿತ್ತಾಳೆ ತಾಟು, ಹರವಿದ ಅಕ್ಕಿ, ಮೇಲೆ ಉಂಗುರ.

ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿಯಾಯಿತು. ತಾಟು ತಂದಿಟ್ಟರು. ಬೀಗರ ತಂಗಿ ಮುಂದಿನ ಸಾಲಿನಲ್ಲೇ ನಿಂತಿದ್ದಳು, ತಾನು ಆರಿಸಿದ ಹೆಸರು ನೋಡಲು. ಬೀಗರು ಅವಳ ಪಕ್ಕ. ಅವರ ಮುಖ ನೋಡಿದೆ, ಅವರು ನನ್ನ ಕಡೆ ನೋಡಲಿಲ್ಲ. ಮಗಳು ತಲೆ ಬಗ್ಗಿಸಿ ಕೂತಿದ್ದಳು, ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆ ಕೈ ಯಾವುದಕ್ಕೆ ತಯಾರಾಗಿದೆ ಎಂದು ಆ ಮಂಟಪದಲ್ಲಿ ಗೊತ್ತಿದ್ದದ್ದು ನನಗೆ ಮತ್ತು ನನ್ನ ಹೆಂಡತಿಗೆ. ಹೆಂಡತಿ ನನ್ನ ಅಂಗಿಯ ತೋಳು ಹಿಡಿದಿದ್ದಳು, ಬಟ್ಟೆಯ ಜೊತೆಗೆ ಒಂದಿಷ್ಟು ಚರ್ಮವೂ ಸಿಕ್ಕಿತ್ತು.

ಹುಡುಗ ಉಂಗುರ ಹಿಡಿದು ಬರೆದ.

ಬರೆದದ್ದು ಯಾರಿಗೂ ತಿಳಿಯಲಿಲ್ಲ. ಅಂಥ ಅಕ್ಷರವನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ಅಕ್ಕಿಯಲ್ಲಿ ಕೋಳಿ ಕೆದರಿದ ಹಾಗಿತ್ತು. ಬೀಗರ ತಂಗಿ ತಾನು ಆರಿಸಿದ ಹೆಸರೇ ಕಂಡಿತು ಎಂದು ಕೈ ಜೋಡಿಸಿದಳು. ನಾನು ಬಗ್ಗಿ ನೋಡಿದರೆ ನನ್ನ ಮಗಳ ಹೆಸರಿನ ಮೊದಲ ಅಕ್ಷರ ಕಂಡ ಹಾಗಾಯಿತು, ಮತ್ತೆ ನೋಡಿದರೆ ಕಾಣಲಿಲ್ಲ. ಮಗಳು ತಾಟನ್ನೇ ನೋಡುತ್ತಿದ್ದಳು, ಅವಳಿಗೂ ಗೊತ್ತಾಗಲಿಲ್ಲ. ಕೈ ಎತ್ತಬೇಕೋ ಬೇಡವೋ ತಿಳಿಯದೇ ಹಾಗೇ ಹಿಡಿದುಕೊಂಡಿದ್ದಳು.

“ಏನ್ ಬರದೀಪಾ, ಓದಿ ಹೇಳು,” ಅಂದರು ಲಗ್ನ ಮಾಡಿಸುತ್ತಿದ್ದ ಅಯ್ಯನವರು.

ಹುಡುಗ ಅಪ್ಪನ ಕಡೆ ನೋಡಿದ. ಆಮೇಲೆ ನನ್ನ ಮಗಳ ಹೆಸರು ಹೇಳಿದ. ಹುಟ್ಟಿದಾಗ ಇಟ್ಟದ್ದು, ದವಾಖಾನೆಯಲ್ಲಿ ಕೂಗುವುದು, ಅದೇ.

ಬೀಗರ ತಂಗಿ ಜೋಡಿಸಿದ ಕೈ ಕೆಳಗಿಳಿಸಿದಳು. ಅವರ ಬಳಗದಲ್ಲಿ ಗುಸುಗುಸು ಶುರುವಾಯಿತು. “ಇದೇನಪಾ, ಹಳೇ ಹೆಸರ ಬರದಾನ,” ಎಂದು ಯಾರೋ ಅಂದದ್ದು ಕೇಳಿಸಿತು. ಆಗ ಬೀಗರು ಮುಂದೆ ಬಂದು, ವಾದ್ಯದವರ ಮೈಕನ್ನು ಕೈಗೆ ತೆಗೆದುಕೊಂಡರು.

“ಎಲ್ಲಾರೂ ಕೇಳ್ರಿ. ನಮ್ಮ ಸೊಸಿ ಹೆಸರು ಇದು,” ಎಂದು ಮಗಳ ಹೆಸರನ್ನು ಮಂಟಪಕ್ಕೆ ಕೇಳುವ ಹಾಗೆ ಕೂಗಿದರು. “ಬದಲಿ ಮಾಡಬೇಕಂತ ಮಾಡಿದ್ವಿ. ತಿಕೋಟಾದವರಿಂದ ಒಂದು ತಗೊಂಡೇವಿ, ಎರಡನೇದು ಬ್ಯಾಡಂತ ನಾನ ಬಿಟ್ಟೆ. ಇನ್ನ ಊಟಕ್ಕ ನಡೀರಿ, ಬದನಿಕಾಯಿ ಆರತಾವ.”

ನಮ್ಮೂರಿನವರು ಸಿಳ್ಳೆ ಹಾಕಿದರು. ತಂಗಿಯ ಮುಖ ಮಾತ್ರ ಹೋಳಿಗಿ ಬಡಿಸುವತನಕ ಬಿಗಿದೇ ಇತ್ತು. ಹೆಂಡತಿ ನನ್ನ ತೋಳು ಬಿಟ್ಟಳು. ಕೈತೊಳೆಯುವ ಜಾಗದಲ್ಲಿ ಬೀಗರು ಸಿಕ್ಕಾಗ, “ಮೊದಲ ಹೇಳಬಾರದಾಗಿತ್ತೇನ್ರಿ? ಜೀವಾ ಹೋಗಿತ್ತು,” ಅಂದೆ.

“ಹೇಳಾಕ ನನಗೂ ಗೊತ್ತಿರಲಿಲ್ಲ ಬೀಗರ. ಅಂವ ನಿನ್ನೆ ಸಂಜಿಕ ಹೇಳ್ದ, ಬ್ಯಾರೆ ಹೆಸರು ಬರಿಯೂದಿಲ್ಲ ಅಂತ. ನಾನೂ ತಾಟು ನೋಡಿದಾಗ ಅಂದುಕೊಂಡೆ, ಏನ್ ಬರದ್ನೋ ಏನೋ,” ಎಂದು ನಕ್ಕರು. “ಅಂವನ ಅಕ್ಷರಾ ಅಂವನ ಮಾಸ್ತರರಿಗೇ ತಿಳೀತಿದ್ದಿಲ್ಲ.”

ಮದುವೆಯಾಗಿ ಸ್ವಲ್ಪ ದಿನದ ಮೇಲೆ ಹೆಂಡತಿ, ನಾನು ಬಬಲೇಶ್ವರಕ್ಕೆ ಹೋದೆವು. ಬೇವಿನ ಕೆಳಗೆ ಅದೇ ಹೊರಸಿನ ಮೇಲೆ ಕೂಡಿಸಿದರು. ಮಗಳು ಒಳಗಿದ್ದಳು. ಅವಳ ಅತ್ತೆ ಒಲೆಯ ಮುಂದಿನಿಂದ ಕೂಗಿದರು, “ಏ ತಿಕೋಟಾದಾಕಿ, ಬೀಗರಿಗೆ ಚಹಾ ಒಯ್ಯವಾ.” ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ತಿಕೋಟಾದಾಕಿ ಅದಾಳೇನ್ರಿ? ಮೊಸರಿಗೆ ಹೆಪ್ಪು ಬೇಕಾಗಿತ್ತು,” ಅಂದಳು. ಓಣಿಯಲ್ಲಿ ಹೋಗುತ್ತಿದ್ದ ಮುದುಕ ನಿಂತು ನನ್ನನ್ನು ನೋಡಿ, “ಇವರು ತಿಕೋಟಾದಾಕಿ ಅಪ್ಪ ಏನು?” ಎಂದು ಬೀಗರನ್ನು ಕೇಳಿದ. ಬಬಲೇಶ್ವರದ ನಟ್ಟನಡುವೆ ಕೂತು ನಾನು ನಮ್ಮೂರ ಹೆಸರನ್ನು ಇಷ್ಟು ಸಲ ಕೇಳಿದೆ. ಮೀಸೆ ತಿರುವಿದೆನೋ ಏನೋ, ಹೆಂಡತಿ ಮೊಣಕೈಯಿಂದ ತಿವಿದಳು.

ಮಗಳು ಚಹಾ ತಾಟು ಹಿಡಿದು ಬಂದಳು. ಮುಖ ಊದಿಸಿಕೊಂಡಿದ್ದಳು.

“ಅಪ್ಪಾ, ನೀನರ ಹೇಳು ಇವರಿಗೆ. ನಾ ಹುಟ್ಟಿದ್ದು ಬೆಳದದ್ದು ಸೊಲ್ಲಾಪುರ ರಸ್ತೆದಾಗ. ವಿಜಾಪುರದಾಕಿ ನಾ. ತಿಕೋಟಾದಾಗ ಒಂದು ವಾರ ಸೈತ ಇದ್ದಿಲ್ಲ. ಅಷ್ಟು ಕಷ್ಟಪಟ್ಟು ಹೆಸರು ಉಳಿಸಿಕೊಂಡೆ, ಈ ಓಣಿಯಾಗ ಒಬ್ಬರೂ ಅದನ್ನ ಹಿಡದು ಕರಿಯೂದಿಲ್ಲ.”

“ಏನ್ ಮಾಡೂದವಾ,” ಅಂದರು ಬೀಗರು, “ಹೊಸ ಹೆಸರು ಬ್ಯಾಡಂದಿ. ಹಳೇದನ್ನ ಕರಿಯಾಕ ನಮಗ ಇನ್ನೂ ನಾಲಿಗಿ ಹೊರಳವಲ್ದು. ನಿಮ್ಮಪ್ಪ ನೋಡು, ಖುಷಿ ಆಗ್ಯಾನ.”

“ನಂದೇನೂ ತಕರಾರಿಲ್ಲ,” ಅಂದೆ ನಾನು.

“ನಿನಗ ಯಾಕ ಇರತೈತಿ!” ಅಂದಳು ಮಗಳು.

ಅಷ್ಟರಲ್ಲಿ ಅಂಗಡಿಯಿಂದ ಬಂದ ಅಳಿಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಅಪ್ಪ, ಅವ್ವ, ಮಾವ, ಓಣಿಯ ಮುದುಕ ಎಲ್ಲರ ಮುಂದೆಯೇ ಅವಳ ಹೆಸರು ಹಿಡಿದು ಕರೆದ. ಮಗಳು ಚಹಾದ ತಾಟನ್ನು ನನ್ನ ಕೈಗೆ ಕೊಟ್ಟು, ಒಂದೇ ಕೂಗಿಗೆ ಹೋದಳು.